ಇತರೆ, ವಿವರಿಸಿ

ಸ್ವಾನ್ಸಿಯಲ್ಲಿ ಮೂರನೇ ಮಹಡಿ.
ಕಿಟಕಿ ಸಮುದ್ರದ ಕಡೆಗೆ, ನನ್ನ ಕುರ್ಚಿ ಗೋಡೆಯ ಕಡೆಗೆ.
ಕಿವಿಗೆ ಹೆಡ್‌ಸೆಟ್ಟು, ಬಾಯಿಗೆ ಬರೆದುಕೊಟ್ಟ ಮಾತು:
ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ.
ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಕಾರಿಗೆ
ಏನಾದರೂ ಬದಲಾವಣೆ ಮಾಡಿಸಿದ್ದೀರಾ?

ಇಲ್ಲ, ಅನ್ನುತ್ತಾರೆ ನೂರಕ್ಕೆ ತೊಂಬತ್ತು ಜನ,
ಹಲ್ಲಿನ ಡಾಕ್ಟರ ಮುಂದೆ
ದಿನಾ ಎರಡು ಸಲ ಉಜ್ಜುತ್ತೇನೆ ಅನ್ನುವ ದನಿಯಲ್ಲಿ.
ಅವರ ಹಿಂದೆಯೇ ಸೈಲೆನ್ಸರು ಗುಡುಗುತ್ತಿರುತ್ತದೆ.
ನಾನು ‘ಇಲ್ಲ’ ಒತ್ತುತ್ತೇನೆ.

ಮಂಗಳವಾರ, ಊಟಕ್ಕೆ ಏಳು ನಿಮಿಷ ಇರುವಾಗ
ಹ್ಯಾಲಿಫ್ಯಾಕ್ಸಿನಿಂದ ಕೋರಿ ಹೆಬಲ್‌ತ್ವೇಟ್.
ಹತ್ತೊಂಬತ್ತು ವರ್ಷ, ಟೈರಿನಂಗಡಿಯಲ್ಲಿ ಕೆಲಸ,
ಹನ್ನೊಂದು ವರ್ಷದ ಹಳೇ ಕೋರ್ಸಾ.
ಚೀಟಿಯಲ್ಲಿ ಬರಕೊಂಡಿದೀನಿ, ಓದ್ಲಾ? ಅಂದ.

ಸ್ಪ್ರಿಂಗು ಬದಲಿಸಿ ನಲವತ್ತು ಮಿಲಿಮೀಟರ್ ತಗ್ಗಿಸಿದ್ದು.
ಹದಿನೇಳು ಇಂಚಿನ ಅಲಾಯ್ ಚಕ್ರ.
ಹಿಂದಿನ ಗಾಜಿಗೆ ಕಪ್ಪು ಹಾಳೆ.
ಬಿಸ್ಕತ್ತಿನ ಡಬ್ಬಿಯಷ್ಟು ಅಗಲದ ಹೊಗೆಕೊಳವೆ,
ಅದು ಬರೀ ಸದ್ದಿಗೆ ಮೇಡಂ, ಓಡೋದು ಮೊದಲಿನ ಹಾಗೇ.
ಒಂದೊಂದಕ್ಕೂ ಪರದೆಯ ಮೂಲೆಯಲ್ಲಿ ಅಂಕಿ ಏರುತ್ತಿತ್ತು
ಪೆಟ್ರೋಲ್ ಬಂಕಿನ ಮೀಟರಿನ ಹಾಗೆ.
ಗೇರಿನ ತುದಿಗೆ ಬಿಲಿಯರ್ಡ್ಸ್ ಚೆಂಡು, ಎಂಟನೇ ನಂಬರಿಂದು.
ಅದನ್ನೆಲ್ಲ ಹೇಳಬೇಕಿಲ್ಲ, ಅಂದೆ.
ಇರಲಿ, ಬರಕೊಳ್ಳಿ, ಅಂದ.

ಬೇರೆ ಏನಾದರೂ?

ತಡೆದ.
ಪಕ್ಕದ ಸೀಟು. ಹಳಿ ಕಿತ್ತು
ಮೂರಿಂಚು ಹಿಂದಕ್ಕೆ ಬೆಸುಗೆ ಹಾಕಿದೀನಿ. ತಂಗಿಗೆ.
ಅವಳ ಎಡಗಾಲು ಮಡಚಲ್ಲ.
ಬೆಸುಗೆ ಯಾರದು? ನಂದೇ.
ಸರ್ಟಿಫಿಕೇಟು?
ನಕ್ಕ.

ಪರದೆ ಕೇಳುತ್ತದೆ: ಬದಲಾವಣೆಯ ಉದ್ದೇಶ?
ವೇಗ. ಅಂದ.
ಕೆಳಗೊಂದು: ಇತರೆ, ವಿವರಿಸಿ.
ವಿವರಿಸಿದೆ. ಅಂಕಿ ಏರಲಿಲ್ಲ, ಅಂಕಿಯೇ ಮಾಯ.
ಕೆಂಪು ಪಟ್ಟಿ: ಈ ವಾಹನಕ್ಕೆ ವಿಮೆ ನೀಡಲಾಗದು.

ಹನ್ನೊಂದು ಸೆಕೆಂಡು ನಾನು ಮಾತಾಡಲಿಲ್ಲ.
ಅದೂ ಮುದ್ರಣವಾಗಿದೆ, ಬೇಕಾದವರು ಕೇಳಬಹುದು.
ಲೈನು ಸರಿಯಿರಲಿಲ್ಲ, ಸೀಟಿನ ಮಾತು ಕೇಳಿಸಲಿಲ್ಲ
ಅಂದುಬಿಡಬಹುದಿತ್ತು.

ಅವನೇ ಶುರುಮಾಡಿದ.
ಅಪ್ಪ ಟರ್ಬೊ ಕೂರಿಸಿ ಯಾರಿಗೂ ಹೇಳಿರ್ಲಿಲ್ಲ ಮೇಡಂ.
ಟಾಡ್‌ಮಾರ್ಡನ್ ತಿರುವಲ್ಲಿ ಗೋಡೆಗೆ ಗುದ್ದಿದ.
ಅವನಿಗೇನೂ ಆಗಲಿಲ್ಲ.
ಆಮೇಲೆ ನಿಮ್ಮ ಹಾಗೇ ಒಬ್ಬರು ಫೋನು ಮಾಡಿ
ತುಂಬ ಮೆತ್ತಗೆ ಮಾತಾಡಿ
ಒಂದು ಬಿಡಿಗಾಸೂ ಕೊಡಲಿಲ್ಲ.
ಅವತ್ತು ಹಿಂದೆ ಕೂತಿದ್ದಳು ಇವಳು.

ಲೀಡ್ಸ್‌ನಲ್ಲಿ ಒಬ್ಬನಿದ್ದಾನೆ,
ಗಾಲಿಕುರ್ಚಿಯವರ ಗಾಡಿ ಸಜ್ಜು ಮಾಡುವವನು.
ಬೆಸುಗೆ ನೋಡಿ, ಸರಿಯಿದ್ದರೆ ಕಾಗದ ಬರೆದುಕೊಡುತ್ತಾನೆ.
ಆ ಕಾಗದ ಬಂದರೆ ಸೀಟಿಗೆ ಒಂದು ಪೆನ್ನಿಯೂ ಇಲ್ಲ.
ನಂಬರು ಹೇಳಿದೆ, ಎರಡು ಸಲ.
ಅಲ್ಲೀತನಕ ಬಸ್ಸು, ಅಂದ.
ಅಲ್ಲೀತನಕ ಬಸ್ಸು, ಅಂದೆ.
ನನ್ನ ಊಟದ ಹೊತ್ತು ಮುಗಿದಿತ್ತು.

ಐದೂವರೆ. ಕಾರು ನಿಲ್ಲಿಸುವ ಜಾಗ.
ನನ್ನ ಫಿಯೆಸ್ಟಾದ ಹಿಂದೆ ಕಬ್ಬಿಣದ ಕೊಕ್ಕೆ,
ದೋಣಿ ಎಳೆಯಲೆಂದು ಇದ್ರಿಸ್ ಹಾಕಿಸಿದ್ದು.
ದೋಣಿ ಅವನ ಜೊತೆ ಹೋಯಿತು, ಕೊಕ್ಕೆ ಉಳಿಯಿತು.
ಮೊಣಕಾಲಿಗೆ ತಾಗಿದಾಗಲಷ್ಟೇ ನೆನಪು.
ನಾಲ್ಕು ವರ್ಷ ‘ಇಲ್ಲ’ ಅಂದಿದ್ದೇನೆ ನಾನೂ,
ಕಂಪನಿಯವರಿಗೆ ರಿಯಾಯಿತಿ ಬೇರೆ.
ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಲಿಲ್ಲ;
ನಾನೇ ಹೆಗಲು ಮುಟ್ಟಿ ನೋಡಿಕೊಂಡೆ.

ನಮ್ಮದೇ ನಂಬರು ಒತ್ತಿದೆ.
ಹದಿನಾಲ್ಕು ನಿಮಿಷ ಅದೇ ಪಿಟೀಲು.
ಇಷ್ಟು ಕೆಟ್ಟದಾಗಿದೆ ಅಂತ ಗೊತ್ತಿರಲಿಲ್ಲ.
ಮೇಲೆ ಮೂರನೇ ಮಹಡಿಯಲ್ಲಿ ದೀಪ ಉರಿಯುತ್ತಿತ್ತು.
ಆಮೇಲೆ, ನನ್ನ ಪಕ್ಕದ ಕುರ್ಚಿಯ ಎಲೆರಿ,
ಬಾಯಿಗೆ ಬರೆದುಕೊಟ್ಟದ್ದನ್ನೆಲ್ಲ ಒಪ್ಪಿಸಿ,
ಏನಾದರೂ ಬದಲಾವಣೆ? ಅಂದಳು,
ಬೆರಳು ಆಗಲೇ ‘ಇಲ್ಲ’ದ ಮೇಲಿಟ್ಟುಕೊಂಡು.

ತಡಿ ಎಲೆರಿ, ನಾನು.
ಬರಕೋ.